ಹಲ್ಲಿನಲ್ಲಿ ಕೇಳುತ್ತಿದ್ದ ನಜೀರ್ ಸಾಬರು

ನಜೀರ್ ಅಹಮದ್ ಸಾಬರು ಗಿಟಾರಿನ ನಾದವನ್ನು ಕೇಳುತ್ತಿದ್ದದ್ದು ಹಲ್ಲಿನಿಂದ. ವಾದ್ಯದ ತಲೆಯ ಅಂಚನ್ನು ಮುಂಬಲ್ಲುಗಳ ನಡುವೆ ಮೆಲ್ಲನೆ ಕಚ್ಚಿ ಹಿಡಿದು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಒಂದೊಂದೇ ತಂತಿಯನ್ನು ಮೀಟಿ, ಆ ಕಂಪನ ದವಡೆಯ ಎಲುಬಿನಗುಂಟ ತಲೆಯೊಳಗೆ ಹಬ್ಬಿ ಅಡಗುವವರೆಗೂ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಈ ದೃಶ್ಯವನ್ನು ಮೊದಲ ಸಲ ಕಂಡಾಗ ಕಾಲೇಜಿನ ಮೇಷ್ಟ್ರು ಜ್ಞಾನೇಶರಿಗೆ ನಗು ಬಂದಿತ್ತು. ಆ ನಗುವಿಗಾಗಿ ಅವರು ಮುಂದೆ ಬಹಳ ವರ್ಷ ನಾಚಿಕೊಂಡರು.

ತಿಪಟೂರಿನಲ್ಲಿ ಸಾಬರಿಗಿದ್ದದ್ದು ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ. ಬೇಸಿಗೆ ಮಳೆಗಾಲವೆನ್ನದೆ ಒಂದು ಖಾಕಿ ಕೋಟು ತೊಡುತ್ತಿದ್ದರು. ಅದರ ಬಲಜೇಬಿನಲ್ಲಿ ಸ್ಪ್ಯಾನರು ಇಕ್ಕಳಗಳ ಭಾರವೆಲ್ಲ ತುಂಬಿರುತ್ತಿದ್ದುದರಿಂದ ಅವರ ನಡಿಗೆಯೇ ಬಲಕ್ಕೆ ವಾಲಿತ್ತು, ಕೋಟು ಕಳಚಿಟ್ಟಾಗಲೂ ಹಾಗೆಯೇ ವಾಲಿಕೊಂಡು ನಡೆಯುತ್ತಿದ್ದರು. ಯೌವನದಲ್ಲಿ ಎಣ್ಣೆ ಗಿರಣಿಯೊಂದರಲ್ಲಿ ದುಡಿಯುತ್ತಿದ್ದಾಗ ಬಾಯ್ಲರ್ ಸಿಡಿದು ಎರಡೂ ಕಿವಿಯ ತಮಟೆ ಹರಿದುಹೋಗಿತ್ತು. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಮೋಟಾರಿನ ಬೇರಿಂಗ್ ಸವೆದಿದೆಯೋ ಇಲ್ಲವೋ ತಿಳಿಯಬೇಕಾದರೆ ಬೇರೆ ಮೆಕ್ಯಾನಿಕ್ಕುಗಳು ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿಕೊಳ್ಳುತ್ತಿದ್ದರೆ, ಇವರು ಅದನ್ನು ಹಲ್ಲಲ್ಲಿ ಕಚ್ಚಿ, ಮೊನೆಯನ್ನು ಓಡುತ್ತಿರುವ ಮೋಟಾರಿಗೆ ತಾಗಿಸುತ್ತಿದ್ದರು. ಅವರ ತೀರ್ಮಾನ ತಪ್ಪಿದ್ದನ್ನು ಕಂಡವರಿಲ್ಲ.

ಜ್ಞಾನೇಶರು ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದವರು, ಬಿಳಿಗೆರೆಯ ತೋಟದ ಮನೆಯವರು. ತೊಂಬತ್ತೈದರಲ್ಲಿ ಅವರ ಪಂಪು ಕೆಟ್ಟಾಗ ಸಾಬರು ತೋಟಕ್ಕೆ ಬಂದರು. ಕೆಲಸ ಮುಗಿಸಿ ಕಾಫಿಗೆಂದು ಜಗುಲಿಯಲ್ಲಿ ಕೂತವರ ಕಣ್ಣು ಗೋಡೆಯ ಮೇಲಿದ್ದ ಗಿಟಾರಿನ ಮೇಲೆ ನಿಂತಿತು. ಮೈಸೂರಿನ ವಿದ್ಯಾರ್ಥಿದೆಸೆಯಲ್ಲಿ ಜ್ಞಾನೇಶರು ಪ್ರಾಣದಂತೆ ಕಾಪಾಡಿಕೊಂಡಿದ್ದ ವಾದ್ಯ ಅದು. ಬಸ್ಸಿನ ಟಾಪಿನ ಮೇಲೆ ಯಾರೋ ಅದರ ಮೇಲೊಂದು ಕೊಬ್ಬರಿ ಚೀಲ ಎಸೆದು, ಹೊಟ್ಟೆಯ ಹಲಗೆ ಒಳಕ್ಕೆ ಕುಸಿದು, ಏಳು ವರ್ಷದಿಂದ ಮೂಕವಾಗಿತ್ತು.

"ಇದ್ಯಾಕ್ ಮೇಷ್ಟ್ರೇ, ಹಿಂಗೆ ನೇತಾಕಿದೀರಾ?"

"ರಿಪೇರಿ ಆಗಲ್ವಂತೆ ಸಾಬ್ರೇ. ಬೆಂಗಳೂರಲ್ಲೂ ಕೇಳ್ದೆ."

"ಆಗಲ್ಲ ಅಂದೋರು ಬಿಚ್ಚಿ ನೋಡಿದ್ರಾ?"

ಬಿಚ್ಚಿ ನೋಡಿರಲಿಲ್ಲ. ಸಾಬರು ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಮಗುವನ್ನೆತ್ತಿಕೊಂಡಂತೆ ಎತ್ತಿಕೊಂಡು ಹೋದರು. ಅಲ್ಲಿಯವರೆಗೆ ಅವರು ಗಿಟಾರನ್ನು ಮುಟ್ಟಿದವರೇ ಅಲ್ಲ. ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ, ಸೈಕಲ್ ಕನ್ನಡಿಯೊಂದನ್ನು ವಾದ್ಯದ ಹೊಟ್ಟೆಯೊಳಗಿಳಿಸಿ, ಸಿಬಿರು ಸಿಬಿರನ್ನೂ ಅದರದರ ಸ್ಥಾನಕ್ಕೆ ಸೇರಿಸಿ ಅಂಟಿಸಿ, ಹಳೆಯ ಟ್ಯೂಬಿನ ಪಟ್ಟಿಗಳಿಂದ ಬಿಗಿದು ಕಟ್ಟಿ, ಮೂರು ತಿಂಗಳ ಮೇಲೆ ಅದನ್ನು ಮರಳಿ ತಂದಾಗ, ಬಿರುಕು ಎಲ್ಲಿತ್ತೆಂಬುದನ್ನು ಜ್ಞಾನೇಶರು ಬೆರಳಿನಿಂದ ತಡವಿಯೂ ಪತ್ತೆಹಚ್ಚಲಾರದೆ ಹೋದರು.

ಒಳಗಿನ ರಚನೆ ಕಂಡುಬಿಟ್ಟ ಮೇಲೆ ಸಾಬರಿಗೆ ನೆಮ್ಮದಿ ಉಳಿಯಲಿಲ್ಲ. ತಾವೇ ಒಂದನ್ನು ಮಾಡಬೇಕೆಂಬ ಹಟ ಹುಟ್ಟಿತು. ಬೆನ್ನಿಗೂ ಪಕ್ಕಕ್ಕೂ ಹಲಸು. ಮೇಲಿನ ಹಲಗೆಗೆ, ಮೋಟಾರುಗಳು ಬರುವ ಪೆಟ್ಟಿಗೆಯ ದೇವದಾರು. ಬೆರಳಾಡುವ ಪಟ್ಟಿಗೆ, ಬಿಳಿಗೆರೆಯಲ್ಲಿ ಕಡಿದುರುಳಿಸಿದ್ದ ಎಂಬತ್ತು ವರ್ಷದ ತೆಂಗಿನ ಬುಡದ ಕಪ್ಪು ಗೀರಿನ ಗಟ್ಟಿ ಭಾಗ. ಕೊಳವೆಬಾವಿಯ ಕಬ್ಬಿಣದ ಪೈಪಿನೊಳಗೆ ಕರಟದ ಕೆಂಡ ತುಂಬಿ, ಕಾದ ಪೈಪಿನ ಮೇಲೆ ನೆನೆದ ಹಲಸಿನ ಸೀಳನ್ನು ಬಾಗಿಸುವಾಗ ಏಳುತ್ತಿದ್ದ ಹಬೆಯಲ್ಲಿ ಅವರ ಮುಖ ಪೂಜೆಗೆ ಕೂತವರ ಮುಖದಂತೆ ಪ್ರಸನ್ನವಾಗಿರುತ್ತಿತ್ತು. ಆ ಪಟ್ಟಿಯ ಮೇಲೆ ಸ್ವರಕ್ಕೊಂದರಂತೆ ಕೂರಿಸುವ ಬೆರಳಿನ ಮನೆಗಳ ಅಂತರದ ಲೆಕ್ಕವನ್ನು ಜ್ಞಾನೇಶರು ಗಣಿತದ ಸಹೋದ್ಯೋಗಿಯಿಂದ ಬರೆಸಿಕೊಂಡು ಒಯ್ದರೆ, ಅದಾಗಲೇ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಇಳಿದಿತ್ತು: ಪ್ರತಿ ಮನೆಯೂ ಉಳಿದ ಉದ್ದದ ಹದಿನೆಂಟನೆಯ ಒಂದು ಭಾಗಕ್ಕಿಂತ ಕೂದಲೆಳೆಯಷ್ಟು ಹೆಚ್ಚು. "ನಿಮ್ಮ ಗಿಟಾರನ್ನೇ ಅಳತೆ ಮಾಡ್ದೆ ಮೇಷ್ಟ್ರೇ. ಅದೇ ಹೇಳ್ತು," ಎಂದರು ಸಾಬರು, ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು.

ತೊಂಬತ್ತೆಂಟರ ಮಾಘದಲ್ಲಿ ಒಂದು ಬೆಳಿಗ್ಗೆ ಸಾಬರ ಹೆಂಡತಿ ತಾಜುನ್ನೀಸಾ ಬಸ್ಸು ಹತ್ತಿ ಬಿಳಿಗೆರೆಗೇ ಬಂದುಬಿಟ್ಟರು.

"ಮುಂದಿನ ಹಲ್ಲಿನ ಬುಡದಲ್ಲಿ ಕೀವು ಕಟ್ಟಿದೆ. ಮುಖ ನೋಡಕ್ಕಾಗಲ್ಲ, ಅಷ್ಟು ಊದ್ಕೊಂಡದೆ. ಕೀಳ್ಸದಿದ್ರೆ ನಂಜು ತಲೆಗೇರ್ತದೆ ಅಂತ ಡಾಕ್ಟ್ರು ಹೇಳವ್ರೆ. ಇವ್ರು ಒಪ್ತಾ ಇಲ್ಲ. ನಿಮ್ಮ ಗಿಟಾರ್ ನಮ್ಮನೆಗೆ ಬಂದಿದ್ದೇ ಇದಕ್ಕೆಲ್ಲ ಮೂಲ ಕಣ್ರೀ ಮೇಷ್ಟ್ರೇ. ನೀವೇ ಬಂದು ಬುದ್ಧಿ ಹೇಳಿ."

ಜ್ಞಾನೇಶರು ಹೋದರು. ಸಾಬರು ಜ್ವರದಲ್ಲಿ ನಡುಗುತ್ತ, ಎಡಗೆನ್ನೆಯ ಮೇಲೆ ಒದ್ದೆ ಬಟ್ಟೆ ಕಟ್ಟಿಕೊಂಡು, ಗಿಟಾರಿನ ಮೇಲ್ಹಲಗೆಯನ್ನು ಹೆರೆಯುತ್ತಿದ್ದರು. ಒಂದೆರಡು ಸಲ ಹೆರೆಯುವುದು, ಹಲಗೆಯ ಅಂಚನ್ನು ಕಚ್ಚಿ ಬೆರಳಿನಿಂದ ತಟ್ಟುವುದು, ನೋವಿಗೆ ಕಣ್ಣಲ್ಲಿ ನೀರು ಬರುವುದು, ಮತ್ತೆ ಹೆರೆಯುವುದು.

"ಕೀಳ್ಸಿಬಿಡಿ ಸಾಬ್ರೇ. ಜೀವ ಇದ್ರೆ ಹತ್ತು ಗಿಟಾರ್ ಮಾಡ್ಬೋದು."

ಸಾಬರು ಅವರ ತುಟಿಯನ್ನೇ ನೋಡಿ, ತಲೆಯಾಡಿಸಿದರು. "ಹಲಗೆ ಇನ್ನೂ ತೊದಲ್ತಾ ಅದೆ. ಈ ಹಲ್ಲು ಹೋದ್ರೆ ನಂಗದು ಕೇಳಲ್ಲ. ಹಣೆಗೊತ್ಕೊಂಡ್ರೆ ಕಂಬಳಿ ಹೊದ್ದು ಮಾತಾಡ್ದಂಗಿರ್ತದೆ. ಇನ್ನೊಂದು ಮೂರ್ನಾಲ್ಕು ದಿನ. ಹೋಗೋ ಹಲ್ಲು ಈ ಕೆಲಸ ಮುಗಿಸ್ಕೊಟ್ಟು ಹೋಗ್ಲಿ."

ಸಾಬರ ಕೈಯಿಂದ ಹಲಗೆ ಜಾರಿದಾಗ, ಬುದ್ಧಿ ಹೇಳಲು ಬಂದಿದ್ದ ಜ್ಞಾನೇಶರು ತಮಗರಿವಿಲ್ಲದೆಯೇ ಮುಂದೆ ಬಾಗಿ ಅದರ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಬಾಗಿಲಲ್ಲಿ ನಿಂತಿದ್ದ ತಾಜುನ್ನೀಸಾ ಅದನ್ನು ನೋಡಿದರು. "ನಿಮ್ಮನ್ನ ಕರ್ದೆನಲ್ಲ, ನಂದೇ ತಪ್ಪು ಬುಡಿ," ಎಂದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಇಬ್ಬರಿಗೂ ಗಂಜಿ ತಂದಿಟ್ಟರು.

ನಾಲ್ಕನೆಯ ದಿನ ಮಧ್ಯಾಹ್ನ ಸಾಬರು ಹಲಗೆಯನ್ನು ಕಚ್ಚಿ, ತಟ್ಟಿ, ತೊದಲು ಹೋಗಿದೆಯೆಂದು ಖಚಿತಮಾಡಿಕೊಂಡು, ಉಳಿಯನ್ನು ಕೆಳಗಿಟ್ಟು, ಕೋಟು ತೊಟ್ಟು, ನೆಟ್ಟಗೆ ಹಲ್ಲಿನ ಡಾಕ್ಟರ ಬಳಿ ನಡೆದರು. ಮುಂದಿನ ಐದು ಹಲ್ಲು ಹೋದವು. ಎಂಟು ದಿನ ಜ್ವರದಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದರು. ಡಾಕ್ಟರು ತಾಜುನ್ನೀಸಾರನ್ನು ಹೊರಗೆ ಕರೆದು, ಇನ್ನೆರಡು ದಿನ ತಡವಾಗಿದ್ದರೆ ತಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲವೆಂದರು.

ಎರಡು ತಿಂಗಳ ನಂತರ ಗಿಟಾರ್ ಸಿದ್ಧವಾಯಿತು. ಜ್ಞಾನೇಶರು ಶೆಡ್ಡಿನ ಮರದ ಪೆಟ್ಟಿಗೆಯ ಮೇಲೆ ಕೂತು ನುಡಿಸಿದರು. ಹಲಸಿನ ಜೇನುಬಣ್ಣದ ಒಡಲಿನಿಂದ ಹೊಮ್ಮಿದ ಆ ಧ್ವನಿ ತುಂಬಿದ್ದು, ಸ್ವಲ್ಪ ಗಂಭೀರವಾದದ್ದು, ಅವರು ಬೇರೆಲ್ಲೂ ಕೇಳದಂಥದ್ದು. ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದ ಸದ್ದು ನಿಂತುಹೋಯಿತು. ಸಾಬರಿಗೆ ಮಾತ್ರ ಏನೂ ಕೇಳಿಸುತ್ತಿರಲಿಲ್ಲ. ಎದುರಿಗೆ ಕುಕ್ಕರಗಾಲಲ್ಲಿ ಕೂತು ಜ್ಞಾನೇಶರ ಮುಖವನ್ನೇ ನೋಡುತ್ತಿದ್ದರು.

ನುಡಿಸಿ ಮುಗಿಸಿದ ಜ್ಞಾನೇಶರು ಗಿಟಾರನ್ನು ಮಡಿಲಲ್ಲಿ ಮಲಗಿಸಿಕೊಂಡರು. ಹೊಗಳಿಕೆಯ ಮಾತೊಂದನ್ನು ಹುಡುಕುತ್ತಿದ್ದರು. ಸಾಬರು ಕಾಯಲಿಲ್ಲ.

"ದಪ್ಪ ತಂತಿ ಮೀಟಿದಾಗ ನಿಮ್ಮ ಹುಬ್ಬು ಗಂಟಾಯ್ತು. ಎರಡು ಸಲ. ಏನದು?"

ಹೌದು, ಕೆಳಸ್ವರದಲ್ಲಿ ಒಂದು ಸಣ್ಣ ಗುಂಯ್‌ಗುಡುವಿಕೆಯಿತ್ತು. ಕಿವಿಯಿದ್ದ ಜ್ಞಾನೇಶರೇ ಅದನ್ನು ಲೆಕ್ಕಕ್ಕಿಟ್ಟುಕೊಂಡಿರಲಿಲ್ಲ. ಸಾಬರು ವಾದ್ಯದ ಹೊಟ್ಟೆಯೊಳಗೆ ಕೈಯಿಳಿಸಿ, ಬೆರಳ ತುದಿಯಿಂದ ತಡಕಿ, ಅಂಟು ಬಿಟ್ಟಿದ್ದ ಒಳಪಟ್ಟಿಯೊಂದನ್ನು ಪತ್ತೆಮಾಡಿದರು. ವಾರದೊಳಗೆ ಅದು ಸರಿಹೋಯಿತು. ಆಮೇಲಿನ ಎಂಟು ವರ್ಷಗಳಲ್ಲಿ ಅವರು ಇನ್ನೂ ನಾಲ್ಕು ಗಿಟಾರುಗಳನ್ನು ಮಾಡಿದರು, ನಾಲ್ಕನ್ನೂ ನುಡಿಸುವವರ ಮುಖ ನೋಡಿಯೇ ತಿದ್ದಿದರು.

ಇಂಥವರು ಪ್ರತಿ ಊರಿನಲ್ಲೂ ಒಬ್ಬರಿಬ್ಬರು ಇರುತ್ತಾರೆಂದು ಜ್ಞಾನೇಶರು ಈಗ ನಂಬುತ್ತಾರೆ. ಅವರನ್ನು ತ್ಯಾಗಿಗಳೆಂದು ಕರೆದರೆ ಅವರಿಗೇ ಅರ್ಥವಾಗದು. ಕೈಲಿರುವ ವಸ್ತು ಸರಿಯಾಗಿದೆಯೇ ಎಂಬ ಒಂದೇ ಪ್ರಶ್ನೆ ಅವರ ಆಯುಷ್ಯವನ್ನೆಲ್ಲ ತುಂಬಿಕೊಂಡಿರುತ್ತದೆ, ತನಗೇನು ದಕ್ಕಿತು ಎಂದು ಕೇಳಲು ಅದರಲ್ಲಿ ಬಿಡುವಿರುವುದಿಲ್ಲ. ನಾವು ಕೆಟ್ಟುಹೋದದ್ದನ್ನು ಹೊತ್ತು ಅವರ ಬಾಗಿಲಿಗೆ ಹೋಗುತ್ತೇವೆ, ಸರಿಯಾದದ್ದನ್ನು ಹೊತ್ತು ಮರಳುತ್ತೇವೆ. ಎಂಥವರ ಎದುರಿಗೆ ನಿಂತಿದ್ದೆವೆಂಬುದು ತಿಳಿಯುವ ಹೊತ್ತಿಗೆ ಮನೆ ತಲುಪಿರುತ್ತೇವೆ.