ಬೆನ್ನಿಗೆ ಅಂಟಿದ ಕಾದಂಬರಿ

ಗೋಂದಣ್ಣ ಪುಸ್ತಕಕ್ಕೆ ಬೆನ್ನು ಕಟ್ಟಿದನೆಂದರೆ, ಎರಡು ಆನೆ ಎರಡು ಕಡೆಯಿಂದ ಎಳೆದರೂ ಸೊಂಡಿಲು ಕಿತ್ತು ಬರಬೇಕೇ ಹೊರತು ರಟ್ಟು ಅಲುಗದು. ಇಪ್ಪತ್ತೆರಡು ವರ್ಷದಲ್ಲಿ ಅವನು ಬೈಂಡು ಮಾಡಿದ್ದನ್ನೆಲ್ಲ ಒಂದರ ಮೇಲೊಂದು ಪೇರಿಸಿದ್ದರೆ ಚಂದ್ರನ ಮೂಗಿಗೆ ತಗಲುತ್ತಿತ್ತು. ಅದರಲ್ಲಿ ಒಂದನ್ನೂ ಅವನು ಓದಿದವನಲ್ಲ. ಓದುತ್ತ ಕೂತರೆ ಗೋಂದು ಒಣಗುತ್ತದೆ.

ಆದರೆ ಬರೆದಿದ್ದ! ಹನ್ನೊಂದು ವರ್ಷ, ಕೆಲಸಕ್ಕೆ ಹೊರಡುವ ಮುಂಚೆ, ಅಡುಗೆಮನೆಯ ಕಟ್ಟೆಯ ಮೇಲೆ. ಜ್ವರದಲ್ಲಿ ತೀರಿಕೊಂಡ ತಂಗಿಯ ಮಾತು, ಮುನಿಸು, ಬಣ್ಣ ಕಟ್ಟಿದ ಸುಳ್ಳು, ಎಲ್ಲ ಸೇರಿ ನಾನೂರು ಹಾಳೆ. ಇದ್ದದ್ದು ಕೈಬರಹದ ಒಂದೇ ಪ್ರತಿ. ತಾನು ಬೈಂಡು ಮಾಡುವ ಕೋಣೆಯ ಮಹಡಿಯ ಮೇಲಿನ ಪ್ರಕಾಶನದವರಿಗೆ ಅದನ್ನು ಸುಳ್ಳು ಹೆಸರಿನಲ್ಲಿ ಅಂಚೆಗೆ ಹಾಕಿದ. ಬೈಂಡಿನವನು ಕಾದಂಬರಿ ಬರೆದನೆಂದರೆ ಮೇಲಿನವರು ನಕ್ಕು ನಕ್ಕು ಮಹಡಿಯೇ ಕುಸಿದೀತೆಂಬ ಭಯ.

ಏಳು ತಿಂಗಳು ಕಳೆದವು.

"ಏನ್ ಗೋಂದಣ್ಣ, ದಿನಾ ಮೆಟ್ಟಿಲನ್ನೇ ನೋಡ್ತೀಯಲ್ಲ, ಮೇಲಿಂದ ಅಪ್ಸರೆ ಇಳಿದು ಬರ್ತಾಳಾ?" ಎಂದಳು ಹಾಳೆ ಹೊಲಿಯುವ ದಾರದಕ್ಕ. ಗುಟ್ಟು ಗೊತ್ತಿದ್ದದ್ದು ಅವಳೊಬ್ಬಳಿಗೇ.

ಕೊನೆಗೆ ಅವನೇ ಮೆಟ್ಟಿಲು ಹತ್ತಿದ. ಪರಿಚಯದವರೊಬ್ಬರು ತಮ್ಮ ಕಾದಂಬರಿ ವಾಪಸ್ ಕೇಳಿದ್ದಾರೆಂದು ಹೇಳಿ, ಆ ಸುಳ್ಳು ಹೆಸರು ಕೊಟ್ಟ.

"ಓ, ಅದಾ?" ಸಂಪಾದಕರು ಕನ್ನಡಕ ಒರೆಸಿಕೊಂಡರು. "ಎರಡು ಪುಟ ಓದೋಷ್ಟರಲ್ಲಿ ಆಕಳಿಕೆ ಬಂತು ಕಣಯ್ಯ. ತಂಗಿ ತಂಗಿ ಅಂತ ಒಂದೇ ಗೋಳು. ರದ್ದಿ ಜೊತೆ ಕೆಳಗೇ ಕಳಿಸಿದ್ವಲ್ಲ! ಈ ಸಲದ ಕಾಗದ ಗಟ್ಟಿ ಇದೆ ಅಂತ ಹೇಳಿಕಳಿಸಿದ್ದು ನೀನೇ ತಾನೇ?"

ಹೌದು, ಅವನೇ. ರದ್ದಿಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಪುಸ್ತಕದ ಬೆನ್ನಿಗೆ ಒಳಗಿನಿಂದ ಅಂಟಿಸುವುದು ಆ ಕಸುಬಿನ ಕ್ರಮ. ಬರೆದ ಮಗ್ಗುಲು ಕೆಳಗೆ, ಖಾಲಿ ಮಗ್ಗುಲು ಮೇಲೆ. ಕವುಚಿಕೊಂಡೇ ಬಂದ ನಾನೂರು ಹಾಳೆಯನ್ನೂ ತಿರುಗಿಸಿ ನೋಡದೆ, ತಾನೇ ಕತ್ತರಿಸುವ ಯಂತ್ರದ ಹಿಡಿ ಎಳೆದು, ಎರಡು ಸಾವಿರ ಕಾನೂನು ಪುಸ್ತಕಗಳ ಬೆನ್ನಿಗೆ ತಾನೇ ಅಂಟಿಸಿದ್ದ. ಅವೆಲ್ಲ ಊರೂರಿನ ಕೋರ್ಟು ಸೇರಿ ಮೂರು ವಾರವಾಗಿತ್ತು.

ಮೂಲೆ ಮುರಿದ ಒಂದು ಪುಸ್ತಕ ಮಾತ್ರ ಕಪಾಟಿನಲ್ಲಿ ಉಳಿದಿತ್ತು. ಅದರ ಬೆನ್ನು ಸೀಳಿ, ನೀರು ಹಚ್ಚಿ, ಹುಣ್ಣಿನ ಪಟ್ಟಿ ಬಿಡಿಸುವವನಂತೆ ಕಾಗದ ಬಿಡಿಸಿದ. ಒಂದೊಂದು ಸಾಲಿನಲ್ಲೂ ಎರಡೇ ಪದ ಉಳಿದಿದ್ದವು. 'ಕದ ತೆಗೆದವಳೇ' ಎಂದಿತ್ತು ಒಂದು ಕಡೆ. ಮುಂದಿನದನ್ನು ಕತ್ತಿ ತಿಂದಿತ್ತು.

ದಾರದಕ್ಕ ಸೂಜಿ ಕೆಳಗಿಟ್ಟಳು. "ಹೋಗ್ಲಿ ಬಿಡಣ್ಣ. ತಲೇಲಿರೋದನ್ನ ಯಾರು ರದ್ದಿಗೆ ಹಾಕ್ತಾರೆ? ಇನ್ನೊಂದ್ಸಲ ಬರಿ."

"ಕದ ತೆಗೆದು ಏನಂದ್ಲು ಅಂತಾನೇ ನೆನಪಾಗ್ತಿಲ್ಲ ಕಣಕ್ಕ," ಎಂದ ಗೋಂದಣ್ಣ. "ಬರೆದಿಟ್ಟಿದೀನಲ್ಲ ಅಂತ, ನೆನಪಿಟ್ಕೊಳ್ಳೋದನ್ನೇ ಬಿಟ್ಬಿಟ್ಟಿದ್ದೆ."

ಊರೆಲ್ಲರ ಬಾಯಿ ಹೊಲಿಯುವ ನಾಲಿಗೆಯ ದಾರದಕ್ಕ ಸೂಜಿ ಎತ್ತಿಕೊಂಡು ಹಾಳೆ ಹೊಲಿಯತೊಡಗಿದಳು.

ಮರುದಿನ ಮೇಲಿನಿಂದ ಹೊಸ ರದ್ದಿಯ ಕಟ್ಟು ಇಳಿಯಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಗೋಂದಣ್ಣ ಮೇಲಿನ ಹಾಳೆಯನ್ನು ತಿರುಗಿಸಿ ನೋಡಿದ. ಯಾರದೋ ದುಂಡನೆಯ ಅಕ್ಷರ, ಯಾರದೋ ಅಮ್ಮ. ಅರ್ಧ ಪುಟ ಓದಿದ. ಡಬ್ಬಿಯ ಗೋಂದಿನ ಮೇಲೆ ಕೆನೆಗಟ್ಟತೊಡಗಿತ್ತು.

ಹಾಳೆಯನ್ನು ಮತ್ತೆ ಕವುಚಿಟ್ಟು, ಯಂತ್ರದ ಹಿಡಿ ಎಳೆದ.