ಹೊಸ ಹಗ್ಗಕ್ಕೊಂದು ಕಾಲಂ

ಮಧುವನಹಳ್ಳಿಯ ಪರಮೇಶನಿಗೆ ಮೂರು ತಿಂಗಳಿಂದ ಒಂದು ವಿಚಿತ್ರ ಕಾಯಿಲೆ. ಶನಿವಾರ ಇಲ್ಲ, ಭಾನುವಾರ ಇಲ್ಲ. ಸೋಮವಾರ ಬೆಳಗ್ಗೆ ಎಂಟೂವರೆಗೆ ಸರಿಯಾಗಿ ಹೊಟ್ಟೆನೋವು ಎಂಟ್ರಿ ಕೊಡುತ್ತಿತ್ತು. ಹಿನ್ನೆಲೆ ಸಂಗೀತ ಒಂದೇ ಬಾಕಿ.

"ತಕಾ, ಜೀರಿಗೆ ಕಷಾಯ ಕುಡಿ," ಅಂತ ಅವ್ವ ಚನ್ನಮಲ್ಲಮ್ಮ ಲೋಟ ಹಿಡಿದಳು.

"ಕಷಾಯಕ್ಕೆ ಬಗ್ಗೋ ವಿಲನ್ ಅಲ್ಲ ಕಣವ್ವಾ ಇದು. ಇದ್ರ ಅಡ್ಡೆ ಇರಾದು ನಮ್ ಆಫೀಸ್ ಗೋಡೆ ಮ್ಯಾಲೆ."

"ಒಂದನೇ ತಾರೀಕು ಸಂಬಳ ಬತ್ತದೆ. ನೆಳ್ಳಲ್ಲಿ ಕುರ್ಚಿ ಕೊಟ್ಟವ್ರೆ. ಇನ್ನೇನ್ಲಾ ಬೇಕು ನಿಂಗೆ? ದಿನಾ ಆರ ಆಕಿ ಆರತಿ ಎತ್ಬೇಕಾ?"

ಪರಮೇಶ ಬೈಕಿನ ಕೀ ತಗೊಂಡು ಎದ್ದ. ಅವನ ಜೇಬಿನಲ್ಲಿ ಮೈಸೂರಿನ ಒಂದು ಫೈನಾನ್ಸ್ ಕಂಪನಿಯ ಪತ್ರ ಇತ್ತು. ಬರುತ್ತೀನೋ ಇಲ್ಲವೋ ಎಂದು ಸಂಜೆಯೊಳಗೆ ತಿಳಿಸಬೇಕು. ಬರುತ್ತೀನಿ ಅಂದರೆ ಆರು ವರ್ಷ ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಶುಭಂ ಬೋರ್ಡು.

ಆ ಕೆಲಸ ಕೊಳ್ಳೇಗಾಲದ ಸಮಪಾಲು ಸಹಕಾರಿ ಸಂಘದಲ್ಲಿ. ಇಸ್ಲಾಮಿಕ್ ಬ್ಯಾಂಕಿಂಗ್ ಪದ್ಧತಿಯ ಸಂಘ. ಯಾವ ಧರ್ಮದವರಾದರೂ ಸದಸ್ಯರಾಗಬಹುದು. ಬಡ್ಡಿ ಎನ್ನುವ ಮಾತೇ ಇಲ್ಲ. ನಿಮಗೊಂದು ಹಸು ಬೇಕು ಅನ್ನಿ, ಸಂಘ ಕೈಗೆ ದುಡ್ಡು ಕೊಡುವುದಿಲ್ಲ. ತಾನೇ ಹಸು ಕೊಂಡು, ಕೊಂಡ ಬೆಲೆ ಇಷ್ಟು, ನಮ್ಮ ಲಾಭ ಇಷ್ಟು ಎಂದು ಬಾಯಿಬಿಟ್ಟು ಹೇಳಿ, ನಿಮಗೆ ಕಂತಿನ ಮೇಲೆ ಮಾರುತ್ತದೆ. ಆದರೆ ಮಾರುವ ಮೊದಲು ಹಸು ನಿಜವಾಗಿಯೂ ಸಂಘದ್ದಾಗಿರಬೇಕು. ಆ ಪದ್ಧತಿಯ ಜೀವವೇ ಅದು.

ನಮ್ಮ ಕಡೆ ಹಸು ಮಾರಿದವನು ತನ್ನ ಹಗ್ಗ ಕೊಡುವುದಿಲ್ಲವಲ್ಲ? ಕೊಂಡವನೇ ಹೊಸ ಹಗ್ಗ ತರಬೇಕು. ಅದಕ್ಕೇ ಪರಮೇಶನ ಬೈಕಿನಲ್ಲಿ ಸದಾ ಒಂದು ಹೊಸ ಹಗ್ಗ. ಕೌದಳ್ಳಿಯಾಗಲಿ, ಹನೂರಾಗಲಿ, ಖುದ್ದಾಗಿ ಹೋಗಿ ಹಸುವಿನ ಹಲ್ಲು ನೋಡಿ, ನಡೆಸಿ ನೋಡಿ, ಹಗ್ಗ ಕಟ್ಟಿ ಎದೆ ಉಬ್ಬಿಸುತ್ತಿದ್ದ: "ಈ ಕ್ಷಣದಿಂದ ಈ ಅಸ ಸಂಘದ್ದು! ಒದ್ರೆ ನಂಗೇ ಒದೀಲಿ!" ಆಮೇಲೆ ಅದನ್ನು ಬಿಚ್ಚಿಕೊಂಡು ಸದಸ್ಯರ ಹಗ್ಗ ಕಟ್ಟಿಸುತ್ತಿದ್ದ. ಎರಡು ಸಲ ನಿಜವಾಗಿ ಒದೆ ತಿಂದಿದ್ದ. ಆದರೂ ಅವನಿಗೆ ಅದೇ ಹಬ್ಬ.

ಮೂರು ತಿಂಗಳ ಹಿಂದೆ ಮ್ಯಾನೇಜರ್ ಅನ್ಸರ್ ಪಾಷಾ ಗೋಡೆಗೆ ಒಂದು ಬೋರ್ಡು ಹಾಕಿಸಿದರು. ಕೆಟ್ಟವರಲ್ಲ ಪಾಪ, ಸಂಘ ಬೆಳೆಯಲಿ ಎಂಬ ಆಸೆ. ಬೋರ್ಡಿನಲ್ಲಿ ಒಂದೇ ಕಾಲಂ: ವಾರಕ್ಕೆ ಯಾರು ಎಷ್ಟು ಮಾರಾಟದ ಫೈಲು ಮುಗಿಸಿದರು. ಕೊನೆಯಲ್ಲಿರುವವರ ಹೆಸರು ಕೆಂಪು ಇಂಕಿನಲ್ಲಿ. ಊರೂರು ಸುತ್ತಿ ಹಸು ನೋಡುತ್ತಿದ್ದ ಪರಮೇಶ ಕೆಂಪಾದ. ಕುರ್ಚಿ ಬಿಟ್ಟು ಏಳದೆ ಫೈಲು ತುಂಬಿಸಿದ ಸಹೋದ್ಯೋಗಿ ಮಾಲಿನಿ ಮೊದಲಾದಳು. ಪರಮೇಶನೂ ಹಸು ನೋಡಲು ಹೋಗುವುದನ್ನು ಕೈಬಿಟ್ಟ. ಹೊಸ ಹಗ್ಗ ಆಫೀಸಿನ ಮೊಳೆಗೆ ನೇತುಬಿತ್ತು, ಹೊಟ್ಟೆಗೆ ನೋವು ಬಂತು.

ಆ ಸೋಮವಾರ ಆಫೀಸಿನ ಬಾಗಿಲಲ್ಲಿ, ಸಂಘದಿಂದ ಹಸು ಕೊಂಡಿದ್ದ ಕಾಮಗೆರೆಯ ಗುರುಸಿದ್ದಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಸಾ, ಕಂತು ಕಟ್ಟೋಳು ನಾನು. ಆಲು ಕುಡಿಯೋನು ದೊಡ್ಡಮಾದಪ್ಪ. ಇದ್ಯಾವ ನ್ಯಾಯ ಸಾ?"

"ಯಾವ ದೊಡ್ಡಮಾದಪ್ಪ?" ಅಂದರು ಮ್ಯಾನೇಜರ್.

"ಅಸ ಮಾರ್ದೋನು, ನಮ್ ಆಚೆ ಬೀದಿಯೋನು. ಬೆಳಿಗ್ಗೆ ಬಿಟ್ರೆ ಅಸ ಸೀದಾ ಅವ್ನ ಮನೇಗೇ ಓಯ್ತದೆ. ಬಾಗ್ಲಿಗೆ ಬಂದ ಲಕ್ಷ್ಮೀನ ಬ್ಯಾಡ ಅನ್ನಕಾಯ್ತದಾ ಅಂತ ಕರ್ಕೊಂಬುಡ್ತನೆ! ಕೇಳುದ್ರೆ, ನನ್ನ ಹಳೇ ಅಗ್ಗ ಇನ್ನೂ ಕೊಳ್ಳಲ್ಲೇ ಅದೆ, ನನ್ ಅಸಾನೇ ಅಂತನೆ. ಅಲ್ಲ ಸಾ, ಅಸ ಸಂಘದ್ದಾಗಿದ್ದು ಯಾವತ್ತು? ನಿಮ್ಮೋರು ಯಾರೂ ಬಂದೇ ಇಲ್ವಲ್ಲ!"

ಅನ್ಸರ್ ಪಾಷಾ ಅವರ ಮುಖ ಸಪ್ಪಗಾಯಿತು. ಸಂಘ ಕೊಳ್ಳದೇ ಇದ್ದ ಹಸುವನ್ನು ಬರೀ ಕಾಗದದ ಮೇಲೆ ಮಾರಿಬಿಟ್ಟಿತ್ತು. "ಈ ಫೈಲ್ ಯಾರ್ದು?"

ಮಾಲಿನಿ ಎದ್ದು ನಿಂತಳು. ಕಣ್ಣು ತುಂಬಿತ್ತು. "ನಂದೇ ಸಾ. ಮೂರು ತಿಂಗಳಿಂದ ಫಸ್ಟ್ ಬತ್ತಿವ್ನಿ, ಒಂದಿನಾನೂ ಖುಸಿ ಇಲ್ಲ. ತಪ್ಪು ಅಂತ ಗೊತ್ತಿತ್ತು. ಆದ್ರೆ ಬೋರ್ಡಲ್ಲಿ ಅಸ ನೋಡಾಕೆ ಕಾಲಂ ಇಲ್ವಲ್ಲ ಸಾ."

"ಅರೆ, ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ ಸಾ," ಅಂದ ಪರಮೇಶ ಮೆಲ್ಲಗೆ. ಡೈಲಾಗ್ ಹೊಡೆಯುವ ಹುಡುಗ ಅಷ್ಟು ಮೆಲ್ಲಗೆ ಮಾತಾಡಿದ್ದು ಅದೇ ಮೊದಲು.

ಮ್ಯಾನೇಜರ್ ಬೋರ್ಡನ್ನೊಮ್ಮೆ, ಹಗ್ಗವನ್ನೊಮ್ಮೆ ನೋಡಿದರು. ಮೊಳೆಯಿಂದ ಹಗ್ಗ ತೆಗೆದು ಧೂಳು ಕೊಡವಿದರು. "ನಡಿ ಪರಮೇಶ. ಗಾಡಿ ತೆಗಿ."

ಕಾಮಗೆರೆಯಲ್ಲಿ ಹಳೆಯ ವ್ಯವಹಾರ ರದ್ದಾಯಿತು. ಗುರುಸಿದ್ದಮ್ಮನ ಕಂತು ವಾಪಸ್ ಕೊಟ್ಟರು. ದೊಡ್ಡಮಾದಪ್ಪ ತನ್ನ ಹಳೇ ಹಗ್ಗ ಬಿಚ್ಚಿಕೊಂಡ. ಅವನಿಗೆ ಮೊದಲೇ ಸಂದ ದುಡ್ಡನ್ನೇ ಬೆಲೆಯಾಗಿ ಹಿಡಿದು ಸಂಘ ಅವನಿಂದ ಹಸು ಕೊಂಡಿತು. ಹೊಸ ಹಗ್ಗ ಕಟ್ಟಿದ್ದು ಈ ಸಲ ಅನ್ಸರ್ ಪಾಷಾ. ಕಟ್ಟಿದ್ದೇ ತಡ, ಹಸು ಅವರನ್ನು ಕೊಟ್ಟಿಗೆಯಿಂದ ಬೀದಿವರೆಗೆ ಎಳೆದುಕೊಂಡು ಹೋಗಿ ಸಗಣಿಯ ಮೇಲೆ ನಿಲ್ಲಿಸಿತು.

"ಸಾ, ಬಿಡಬ್ಯಾಡಿ! ಈಗ ಅದು ಸಂಘದ್ದು!" ಪರಮೇಶ ಕೂಗಿದ.

ಬೀದಿಯೆಲ್ಲ ನಕ್ಕಿತು. ಪಾಷಾ ಸಾಹೇಬರೂ ನಕ್ಕರು. "ನಿಂಗೆ ಈ ಕೆಲ್ಸ ಯಾಕೆ ಇಷ್ಟ ಅಂತ ಈಗ ಗೊತ್ತಾಯ್ತು ಕಣಪ್ಪ."

ಗುರುಸಿದ್ದಮ್ಮ ತನ್ನ ಹಗ್ಗ ಕಟ್ಟಿ ಹಸುವನ್ನು ಕರೆದುಕೊಂಡು ಹೋದ ಮೇಲೆ, ಟೀ ಅಂಗಡಿಯಲ್ಲಿ ಮ್ಯಾನೇಜರ್ ಕೇಳಿದರು: "ಈಗ ಕೇಳ್ತಿದೀನಿ. ಹೇಳು. ಏನು ಬೇಕು ನಿಮಗೆಲ್ಲ? ಸಂಬಳ ಜಾಸ್ತಿನಾ?"

"ಕೊಟ್ರೆ ಬ್ಯಾಡ ಅನ್ನಲ್ಲ ಸಾ, ಸುಳ್ಳು ಯಾಕೇಳ್ಲಿ? ಆದ್ರೆ ಅದೊಂದೇ ಅಲ್ಲ. ನಾವ್ ಮಾಡೋ ಕೆಲಸ ಯಾಕ್ ಮಾಡ್ತೀವಿ ಅಂತ ನಮಗೂ ಗೊತ್ತಿರ್ಬೇಕು. ಹೊಸ್ದಾಗಿ ಸೇರ್ದೋರ್ಗೆ ಈ ಪದ್ಧತೀನ ಕಲಿಸ್ಬೇಕು. ತಪ್ಪು ಕಂಡ್ರೆ ಹೆದರ್ದೆ ಬಾಯ್ಬಿಡಂಗಿರ್ಬೇಕು. ಸರ್ಯಾಗ್ ಮಾಡ್ದಾಗ ಒಂದ್ ಮಾತು, ಬೇಸ್ ಕಣಪ್ಪ ಅನ್ಬೇಕು. ಕೆಂಪು ಇಂಕಿನ ಬಾಟ್ಲು ಖಾಲಿ ಆದ್ರೆ ಇನ್ನೊಂದು ತರಿಸ್ತೀರಿ, ಈ ಮಾತಿಗೆ ಬಾಟ್ಲೂ ಬ್ಯಾಡ, ಕಾಸೂ ಬ್ಯಾಡ ಸಾ."

ಅನ್ಸರ್ ಪಾಷಾ ಟೀ ಲೋಟ ಕೆಳಗಿಟ್ಟರು. "ನಿನ್ ಹೆಸ್ರು ಕೆಂಪಲ್ಲಿ ಬರೆದಿದ್ದು ನನ್ನ ತಪ್ಪು. ನಾಳೆ ಎಲ್ಲರ ಮುಂದೆ ಹೇಳ್ತೀನಿ."

ಪರಮೇಶ ಅವರ ಬೂಟು ನೋಡಿದ. ಸಗಣಿ ಇನ್ನೂ ಹಾಗೇ ಇತ್ತು. ಜೇಬಿನಿಂದ ಮೈಸೂರಿನ ಪತ್ರ ತೆಗೆದು ಕೊಟ್ಟ. "ಒರೆಸ್ಕಳಿ ಸಾ."

"ಏನೋ ಮುಖ್ಯವಾದ ಕಾಗದ ಇದ್ದಂಗಿದೆ?"

"ಬೆಳಿಗ್ಗೆವರ್ಗೂ ಇತ್ತು ಸಾ."

ಮಾರನೆಯ ದಿನ ಪಾಷಾ ಹೇಳಿದ ಮಾತು ಉಳಿಸಿಕೊಂಡರು. ಬೋರ್ಡಿಗೆ ಎರಡನೇ ಕಾಲಂ ಬಂತು: ಖುದ್ದಾಗಿ ಹಗ್ಗ ಹಿಡಿದದ್ದು ಎಷ್ಟು. ಗೆರೆ ಎಳೆದವಳು ಮಾಲಿನಿ. ವಾರದ ಮೊದಲ ಹತ್ತು ನಿಮಿಷ ಎಲ್ಲರೂ ಕೂತು ಮಾತಾಡುವುದು ಎಂದಾಯಿತು. ಫೈಲು ಸ್ವಲ್ಪ ಕಡಿಮೆಯಾಯಿತು. ದೂರು ಬರುವುದು ನಿಂತಿತು.

ಮುಂದಿನ ಸೋಮವಾರ ಎಂಟೂವರೆಗೆ ಚನ್ನಮಲ್ಲಮ್ಮ ಕಷಾಯ ಹಿಡಿದು ಬಂದರೆ ಬೈಕೇ ಇಲ್ಲ. ಮಗ ಎಂಟಕ್ಕೇ ಹೋಗಿದ್ದ. ಮಗ ಹೇಳಿದ್ದ ಟೀ ಅಂಗಡಿಯ ಮಾತು ನೆನೆಯುತ್ತ ಅವಳು ಲೋಟ ಹಿಡಿದೇ ತೋಟಕ್ಕೆ ನಡೆದಳು. ರೇಷ್ಮೆ ಸೊಪ್ಪು ಕೊಯ್ಯಲು ಕೂಲಿಗೆ ಬಂದಿದ್ದ ದೀಪಳನ್ನು ದಿನಾ 'ಬಿರ್‍ರನೆ ಕೊಯ್ಯೇ' ಎಂದು ಗದರುತ್ತಿದ್ದವಳು, ಅವತ್ತು ಬದುವಿನ ಮೇಲೆ ಕೂತು ಕೇಳಿದಳು:

"ತಕಳವ್ವ, ಕಷಾಯ ಕುಡಿ. ಕೆಲಸ ಎಂಗದೆ? ಏನಾರ ತೊಂದ್ರೆ ಅದಾ?"

ದೀಪ ಕುಡುಗೋಲು ಕೆಳಗಿಟ್ಟಳು. "ಮೂರು ವರ್ಸ ಆಯ್ತು ಕಣಮ್ಮೋ ನಾನ್ ಬಂದು. ಇವತ್ತು ಕೇಳುದ್ರಿ."

ನೀವು ಸಂಘ ನಡೆಸುತ್ತೀರೋ, ಅಂಗಡಿ ನಡೆಸುತ್ತೀರೋ, ಎರಡು ಕೂಲಿಯವರ ತೋಟ ನೋಡಿಕೊಳ್ಳುತ್ತೀರೋ, ಸಂಬಳ ಹೊತ್ತಿಗೆ ಸರಿಯಾಗಿ ಕೊಡಿ, ಅದು ಮೊದಲು. ಕೊಟ್ಟಮೇಲೆ ಇನ್ನೇನು ಬೇಕು ಅನ್ನಬೇಡಿ. ಕೆಲಸ ಕಲಿಸಿ, ಅವರ ಮಾತು ಕೇಳಿ, ಚೆನ್ನಾಗಿ ಮಾಡಿದಾಗ ಬಾಯಿಬಿಟ್ಟು ಹೇಳಿ. ನಾಳೆ ಅಲ್ಲ, ಈ ಕಥೆ ಓದಿ ಮುಗಿಸಿದ ತಕ್ಷಣ ನಿಮ್ಮ ಹತ್ತಿರ ದುಡಿಯುವ ಒಬ್ಬರನ್ನಾದರೂ ಕೇಳಿ: "ಕೆಲಸ ಎಂಗದೆ?" ಉತ್ತರ ಬರುವವರೆಗೆ ಅಲ್ಲೇ ಕೂತಿರಿ.