ಕುವಾನೋ ಸಾಹೇಬರ ಖಾಲಿ ಬಟ್ಟಲು

೧೯೯೨ರಲ್ಲಿ ಗಲ್ಫ್ ನಾಡಿನ ಬರ್ಕಾದ ಒಂದು ಮೀನು ಕಂಪೆನಿಯ ಗೆಸ್ಟ್‌ಹೌಸಿನಲ್ಲಿ ಅಡುಗೆಗಿದ್ದ ದೂಮಪ್ಪನಿಗೆ ಒಂದು ಹೆಮ್ಮೆಯಿತ್ತು. ಚೀನಾದವರ ಮರ್ಜಿ ತನ್ನಷ್ಟು ತಿಳಿದವರು ಆ ಕಡಲತೀರದಲ್ಲೇ ಇಲ್ಲ ಎಂದು. ಅದು ಪೂರಾ ಸುಳ್ಳೂ ಅಲ್ಲ. ಹಿಂದಿನ ವರ್ಷ ನಾಲ್ಕು ತಿಂಗಳು ಅಲ್ಲಿ ತಂಗಿದ್ದ ಚೀನೀ ಎಂಜಿನಿಯರ್ ಫಾಂಗ್ ಅವನಿಗೆ ಊಟದ ಪಾಠವನ್ನೇ ಮಾಡಿದ್ದ. ಅತಿಥಿ ತುಸು ಉಳಿಸಿ ಎದ್ದರೆ ಹೊಟ್ಟೆ ತುಂಬಿತು ಎಂದರ್ಥ; ಬಟ್ಟಲು ಬರಿದಾದರೆ ಬಡಿಸಿದವನಿಗೆ ಅವಮಾನ, ಕೂಡಲೇ ತುಂಬಿಸಬೇಕು. ಒತ್ತಾಯ ಮಾಡಿ ಬಡಿಸುವ ಊರಿನಿಂದ ಬಂದ ದೂಮಪ್ಪನಿಗೆ ಇದು ಹೊಸ ಪಾಠವೇನೂ ಆಗಿರಲಿಲ್ಲ.

ಈಗ ಐಸ್ ಪ್ಲಾಂಟಿನ ಯಂತ್ರ ಕೂಡಿಸಲು ಜಪಾನಿನಿಂದ ಕುವಾನೋ ಎಂಬವರು ಆರು ವಾರಕ್ಕೆ ಬರುವವರಿದ್ದರು. ಮ್ಯಾನೇಜರ್ ಜಾರ್ಜ್ ಅಡುಗೆಮನೆಗೇ ಬಂದರು.

“ನೋಡಿ ದೂಮಪ್ಪ, ಈ ಸಲ ಕಂಪ್ಲೇಂಟ್ ಬಂದ್ರೆ ಅಡುಗೆಮನೆ ಬಂದ್ ಮಾಡ್ಲಿಕ್ಕೆ ವೀಸಾ ಕೊಟ್ಟ ಕಫೀಲ್ ಧಣಿ ಹೇಳಿದ್ದಾರೆ. ಮತ್ತೆ ನಿಮ್ಮ ವೀಸಾ ರಿನೀವಲ್ ಇಲ್ಲ. ಖಲಾಸ್.”

“ಹೆದರ್ಬೇಡಿ ಸರ್. ಚೀನಾ, ಜಪಾನ್ ಎಲ್ಲ ಒಂದೇ ಅಲ್ವ? ಅಕ್ಷರ ಸಹ ಒಂದೇ ನಮೂನೆ ಉಂಟು.”

ಬಾಯಲ್ಲಿ ಹೀಗೆಂದರೂ ಅವನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಊರಿನಲ್ಲಿ ಹೆಂಡತಿ ಉಮಾವತಿ, ಇಬ್ಬರು ಹೆಣ್ಣುಮಕ್ಕಳ ಓದು, ಎಲ್ಲವೂ ಆ ವೀಸಾದ ಮೇಲೆ ನಿಂತಿತ್ತು.

ಕುವಾನೋ ಮೊದಲ ದಿನ ಊಟಕ್ಕೆ ಕೂತರು. ಅಂಜಲ್ ಮೀನಿನ ಸಾರು, ಅನ್ನ. ಒಂದಗುಳೂ ಬಿಡದೆ ಉಂಡರು. ಬಟ್ಟಲು ಬರಿದಾಯಿತಲ್ಲ, ದೂಮಪ್ಪ ತುಂಬಿಸಿದ. ಅವರು ತಲೆಬಾಗಿ ಅದನ್ನೂ ಉಂಡರು. ಇವನು ಮತ್ತೆ ತುಂಬಿಸಿದ. ನಾಲ್ಕನೆಯ ಬಟ್ಟಲಿಗೆ ಅವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಪಾಪ, ಎಂಥ ಹಸಿವು ಎಂದುಕೊಂಡ ನಮ್ಮ ಮಹಾನುಭಾವ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಂಡು ಮಲಗಿದವನು ಇನ್ನೊಬ್ಬ.

ಮರುದಿನ ಜಾರ್ಜ್ ಓಡಿ ಬಂದರು. “ಎಂತ ಹಾಕಿದ್ರಿ ಮಾರಾಯ್ರೆ? ಅವರು ಹಾಸಿಗೆ ಬಿಟ್ಟು ಏಳ್ಲಿಲ್ಲ. ಮಧ್ಯಾಹ್ನ ಹೋಟೆಲಿಗೆ ಕರ್ಕೊಂಡು ಹೋಗ್ತೇನೆ.”

ದೂಮಪ್ಪನಿಗೆ ಅಳು ಬಂತು. ಕೆಲಸ ಹೋಗುವುದಂತೂ ಹೋಯಿತು, ತನ್ನ ಕೈಯಡುಗೆಯಿಂದ ಒಬ್ಬರು ಮಲಗಿದರಲ್ಲ ಎಂಬ ಸಂಕಟ ಅದಕ್ಕಿಂತ ದೊಡ್ಡದಾಗಿತ್ತು. ಫಾಂಗನ ಪಾಠ ಅತ್ತ ಇಟ್ಟು, ಹೊಟ್ಟೆ ಕೆಟ್ಟಾಗ ತನ್ನ ತಾಯಿ ಮಾಡುತ್ತಿದ್ದುದನ್ನೇ ಮಾಡಿದ. ತೆಳ್ಳಗಿನ ಗಂಜಿ, ಬದಿಗೆ ಉಪ್ಪಿನಲ್ಲಿ ಹಾಕಿದ ಮಾವಿನಮಿಡಿ.

ಹೊತ್ತೇರಿದ ಮೇಲೆ ಎದ್ದು ಮೇಜಿಗೆ ಬಂದ ಕುವಾನೋ ಒಂದು ಗುಟುಕು ಕುಡಿದು, ಮಿಡಿಯನ್ನು ಕಚ್ಚಿ ನೋಡಿದರು. ಬಳಿಕ ಮುರುಕು ಇಂಗ್ಲಿಷಿನಲ್ಲಿ ಹೇಳಿದರು: ಕಾಯಿಲೆ ಬಿದ್ದಾಗ ತಮ್ಮ ತಾಯಿಯೂ ಇದನ್ನೇ ಕೊಡುತ್ತಿದ್ದಳು, ಹೀಗೆಯೇ ಒಂದು ಉಪ್ಪುಹುಳಿ ಕಾಯಿಯ ಜೊತೆ.

ದೂಮಪ್ಪ ಧೈರ್ಯ ಮಾಡಿ ಫಾಂಗನ ಪಾಠವನ್ನೂ ಒಂದೇ ನಮೂನೆಯ ಅಕ್ಷರದ ಮಾತನ್ನೂ ಹೇಳಿ, ನಿನ್ನೆಯ ಊಟದ ಸಂಗತಿ ಕೇಳಿದ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಜಪಾನಿನಲ್ಲಿ ಅಗುಳು ಬಿಟ್ಟರೆ ಬೇಯಿಸಿದವರಿಗೆ ಅಗೌರವವಂತೆ. ನೀನು ಹಾಕಿದೆ, ನಾನು ಮುಗಿಸಿದೆ ಎಂದರು. ಅಕ್ಷರ ಚೀನಾದಿಂದ ಬಂದದ್ದು ನಿಜ, ಆದರೆ ಚೀನಾದವರ ಮಾತು ಕೇಳಿದರೆ ನನಗೆ ಒಂದೂ ತಿಳಿಯದು, ನಮ್ಮ ಮನೆಯ ರೀತಿಯೇ ಬೇರೆ ಎಂದರು.

ದೂಮಪ್ಪನಿಗೆ ನಾಚಿಕೆಯಾಯಿತು. ಅವನ ತುಳುವನ್ನೂ ಜಾರ್ಜರ ಕೊಂಕಣಿಯನ್ನೂ ಕನ್ನಡದ ಅಕ್ಷರದಲ್ಲೇ ಬರೆಯುತ್ತಾರೆ. ಜಾರ್ಜ್ ಮನೆಯವರೊಡನೆ ಫೋನಿನಲ್ಲಿ ಮಾತಾಡಿದರೆ ಅವನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಇಷ್ಟು ಹತ್ತಿರದ್ದನ್ನು ಬಲ್ಲವನು ಅಷ್ಟು ದೂರದ್ದನ್ನು ಒಂದೇ ಗಂಟು ಕಟ್ಟಿಬಿಟ್ಟಿದ್ದ.

ಅಷ್ಟರಲ್ಲಿ ಜಾರ್ಜ್ ಕಾರಿನ ಕೀಲಿ ಹಿಡಿದು ಒಳಗೆ ಬಂದರು. ಕುವಾನೋ ಖಾಲಿ ಬಟ್ಟಲು ತೋರಿಸಿ, ಹೋಟೆಲ್ ಬೇಡ, ಆರು ವಾರವೂ ಇವನ ಅಡುಗೆಯೇ ಸಾಕು ಎಂದರು. ಬಡಿಸುವುದು ಮಾತ್ರ ಒಂದೇ ಸಲ.

ಜಾರ್ಜ್ ಕೀಲಿಯನ್ನು ಜೇಬಿಗೆ ಹಾಕಿಕೊಂಡರು. “ನಿಮ್ಮ ಪಾಸ್‌ಪೋರ್ಟ್ ನಾಳೆ ರಿನೀವಲ್‌ಗೆ ಕಳಿಸ್ತೇನೆ ದೂಮಪ್ಪ.”

ದೂಮಪ್ಪ ಮುಖ ಒರೆಸಿಕೊಂಡ. ಕುವಾನೋ ಪಕ್ಕದ ಕುರ್ಚಿ ಎಳೆದು ಕೂರುವಂತೆ ಸನ್ನೆ ಮಾಡಿದರು. ಐದು ವರ್ಷ ಆ ಮೇಜಿಗೆ ಬಡಿಸಿದವನು ಒಮ್ಮೆಯೂ ಅಲ್ಲಿ ಕೂತಿರಲಿಲ್ಲ. ಅನುಮತಿಗೆಂಬಂತೆ ಮ್ಯಾನೇಜರರ ಕಡೆ ನೋಡಿದ.

“ಕೂತ್ಕೊಳ್ಳಿ” ಎಂದು ಜಾರ್ಜ್ ತಾವೇ ಒಳಗೆ ಹೋಗಿ, ದೂಮಪ್ಪನಿಗೆ ಒಂದು ಬಟ್ಟಲು ಗಂಜಿ ತಂದಿಟ್ಟರು.